ಬೆನ್ನು ತಿರುಗಿಸಿ ನಿಂತ ಹೆಂಗಸರು

ಮುಂಡರಗಿಯ ವಿದ್ಯಾ ಮೊನ್ನೆ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ಕಾನೂನು ಓದಿದ ಹುಡುಗಿ. ಯುದ್ಧ ನಡೆದ ಊರುಗಳಿಗೆ ಹೋಗಿ, ಅಲ್ಲಿ ಹೆಂಗಸರ ಮೇಲಾದ ಅತ್ಯಾಚಾರಗಳ ವಿಚಾರಣೆ ಮಾಡುವ ಅಂತರರಾಷ್ಟ್ರೀಯ ತಂಡವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ನಿವೃತ್ತಿಯಾಗುವವರೆಗೆ ನಾನು ಮಾಡಿದ್ದೂ ಅದೇ ಕೆಲಸ.

"ಯಾವ ಪುಸ್ತಕ ಓದ್ಕೊಂಡು ಹೋಗಬೇಕ್ರಿ ಅಮ್ಮಾರ?" ಎಂದು ಕೇಳಿದಳು.

ಪುಸ್ತಕಗಳ ಹೆಸರು ಹೇಳಿದೆ. ಅವನ್ನು ಓದಿದರೆ ಪರೀಕ್ಷೆ ಪಾಸಾಗಬಹುದು. ಆದರೆ ಆ ಊರುಗಳಲ್ಲಿ ಹೆಂಗಸರ ಮುಂದೆ ಹೇಗೆ ಕೂರಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬ ಪುರಾಣ ಇಲ್ಲಿ ಇರುವುದಿಲ್ಲ, ಹೆದರಬೇಡಿ. ದೇಶದ ಹೆಸರನ್ನೂ ಹೇಳುವುದಿಲ್ಲ. ಸಾಕ್ಷಿ ಹೇಳಿದವರು ಇನ್ನೂ ಬದುಕಿದ್ದಾರೆ. ಅವರನ್ನು ಹುಡುಕುವವರೂ ಬದುಕಿದ್ದಾರೆ.

ಮೊದಲು ನಾನು ಗದಗಿನ ಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿದ್ದೆ. ಒಂದು ಹೊಡೆದಾಟದ ಕೇಸು ನೆನಪಿದೆ. ನಾಲ್ವರು ಸಾಕ್ಷಿಗಳು. ಮೊದಲನೆಯವನು ಕಟಕಟೆ ಹತ್ತಿ, "ಹೊತ್ತು ಮುಳುಗಾಕ ಹತ್ತಿತ್ತ್ರಿ, ಅವ ಕೆಂಪಂಗಿ ಹಾಕಿದ್ದ, ಎಡಗೈಯಾಗ ಕೊಡ್ಲಿ ಇತ್ತು" ಎಂದ. ಎರಡನೆಯವನೂ ಅದನ್ನೇ ಹೇಳಿದ, ಮೂರನೆಯವನೂ ಅದನ್ನೇ ಹೇಳಿದ, ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡು. ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿ, "ನಾಕನೇದವನ್ನ ಯಾಕ ತ್ರಾಸ ಕೊಡ್ತೀರಿ ಬಾಯಾರ? ಮೂರನೇದವನ್ನ ಇನ್ನೊಮ್ಮಿ ಕರೀರಿ, ಅಷ್ಟ ಐತಿ" ಎಂದರು. ಕೋರ್ಟು ನಕ್ಕಿತು, ಕೇಸು ಬಿತ್ತು. ಸಾಕ್ಷಿಗಳು ಒಂದೇ ಮಾತನ್ನು ಒಂದೇ ರೀತಿ ಹೇಳಿದರೆ ಯಾರೋ ಕಲಿಸಿದ್ದಾರೆ ಎಂದೇ ಲೆಕ್ಕ. ಈ ಪಾಠವನ್ನು ಕಟ್ಟಿಕೊಂಡು ನಾನು ವಿಮಾನ ಹತ್ತಿದೆ.

ಹೊಸದಾಗಿ ಹೋಗುವವರು ಒಂದು ವಿಷಯ ತಿಳಿದಿರಬೇಕು. ಬಂಡುಕೋರರ ಮೇಲೆ ಕೇಸು ಹಾಕಿದಾಗ ಅವರು ಮೊದಲು ಹೇಳುವ ಮಾತು, "ನಾವು ಸರ್ಕಾರ ಅಲ್ಲ, ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ" ಎಂದು. ಅದು ನಡೆಯುವುದಿಲ್ಲ. ಬಂದೂಕು ಹಿಡಿದು, ಸೈನ್ಯ ಕಟ್ಟಿ ಯುದ್ಧಕ್ಕಿಳಿದ ಮೇಲೆ ಜಿನೀವಾ ಒಪ್ಪಂದಗಳ ಮೂರನೇ ಕಲಮು ಸರ್ಕಾರಕ್ಕೆ ಎಷ್ಟೋ ಬಂಡುಕೋರರಿಗೂ ಅಷ್ಟೇ. ಕಷ್ಟ ಇರುವುದು ಬೇರೆ ಕಡೆ. ಹೆಂಗಸಿನ ಮೇಲೆ ಕೈ ಮಾಡಿದ ಹುಡುಗ ಸಿಗುತ್ತಾನೆ. ಮೇಲೆ ಕುಳಿತವನು, "ಯಾರೋ ಕುಡಿದ ಹುಡುಗರು ಮಾಡಿದ್ದಾರೆ, ನನಗೆ ಗೊತ್ತೇ ಇಲ್ಲ" ಎನ್ನುತ್ತಾನೆ. ಅವನೇ ಹೇಳಿ ಮಾಡಿಸಿದ, ಇಲ್ಲವೇ ಗೊತ್ತಿದ್ದೂ ತಡೆಯಲಿಲ್ಲ ಎಂದು ತೋರಿಸದಿದ್ದರೆ ಅವನು ಮನೆಗೆ ಹೋಗುತ್ತಾನೆ.

ನಮ್ಮ ಕೇಸಿನಲ್ಲಿ ಮೇಲೆ ಕುಳಿತವನನ್ನು ಅವನ ಸೈನಿಕರು ತಮ್ಮ ಭಾಷೆಯಲ್ಲಿ 'ಅಪ್ಪ' ಎಂದು ಕರೆಯುತ್ತಿದ್ದರು. ನಾವು ಹೋಗುವ ಹೊತ್ತಿಗೆ ಅವನು ಸಿಕ್ಕಿಬಿದ್ದು ಜೈಲಿನಲ್ಲಿದ್ದ. ಮಾತಿನಲ್ಲಿ ಬಹಳ ಮೆದು ಮನುಷ್ಯ ಎಂದು ಕೇಳಿದ್ದೆವು.

ತಂಡದಲ್ಲಿ ನನ್ನ ಭಾಷೆಯವಳು ಒಬ್ಬಳೇ, ಲಕ್ಷ್ಮೇಶ್ವರದ ಖೈರುನ್ನಿಸಾ. ನರ್ಸು, ನನಗಿಂತ ಬಹಳ ಚಿಕ್ಕವಳು. ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು, ನಾನು ಅವಳನ್ನು ಖೈರೂ ಎನ್ನುತ್ತಿದ್ದೆ. ನಾವಿಬ್ಬರೂ ಕನ್ನಡದಲ್ಲಿ ಗುಸುಗುಸು ಮಾಡಿದರೆ ಸಾಹೇಬರಿಗೆ ಸಿಟ್ಟು ಬರುತ್ತಿತ್ತು. ಸಾಹೇಬರು ಎಂದರೆ ತಂಡದ ಮುಖ್ಯಸ್ಥರು, ಬೇರೆ ದೇಶದಲ್ಲಿ ನ್ಯಾಯಾಧೀಶರಾಗಿದ್ದವರು. ನಿಯಮ ಎಂದರೆ ನಿಯಮ. ಸಾಕ್ಷಿಗೆ ಏನನ್ನೂ ಕೊಡಬಾರದು, ಒಂದು ಪೆಪ್ಪರಮಿಂಟೂ ಸಹ. ಕೊಟ್ಟರೆ ಆಸೆ ತೋರಿಸಿ ಹೇಳಿಸಿದರು ಎಂದು ಎದುರು ವಕೀಲ ಹಿಡಿದುಕೊಳ್ಳುತ್ತಾನೆ. ನಮಗೆ ಭಾಷಾಂತರ ಮಾಡುತ್ತಿದ್ದವಳು ಆ ದೇಶದವಳೇ ಆದ ರೂತ್. ಅವಳ ಊರು ಇನ್ನೆಲ್ಲೋ ದೂರದ ಬೆಟ್ಟಗಳ ಆಚೆ. ಕಡಿಮೆ ಮಾತಿನ, ನೀಟಾದ ಹೆಂಗಸು. ತಿಂಗಳುಗಟ್ಟಲೆ ನಮ್ಮ ಪಕ್ಕದಲ್ಲೇ ಕುಳಿತು ಕೆಲಸ ಮಾಡಿದ್ದಳು.

ಆ ಹಳ್ಳಿಗೆ ನಾವು ಹೋದದ್ದು ಒಂದು ಬೆಳಿಗ್ಗೆ, ಎರಡು ಗಾಡಿಗಳಲ್ಲಿ. ಇಳಿದ ಕೂಡಲೇ ಕಿವಿಗೆ ಏನೋ ಕಸಿವಿಸಿಯಾಯಿತು. ನಾನು ಮಗ್ಗದ ಸದ್ದಿನಲ್ಲಿ ಬೆಳೆದವಳು. ಸದ್ದು ನಿಂತರೆ ನಮ್ಮ ಓಣಿಯಲ್ಲಿ ಮಲಗಿದವರಿಗೂ ಎಚ್ಚರವಾಗುತ್ತದೆ. ಆ ಊರಿನಲ್ಲಿ ಕುಟ್ಟುವ ಸದ್ದಿಲ್ಲ, ಮಗುವಿನ ಅಳುವಿಲ್ಲ. ಆಡುಗಳಿದ್ದವು, ಕೊರಳಲ್ಲಿ ಗಂಟೆ ಇರಲಿಲ್ಲ. ಕೋಳಿಗಳಿದ್ದವು, ಒಂದೂ ಹುಂಜ ಇರಲಿಲ್ಲ. ಕಾಡಿನಲ್ಲಿ ಅಡಗಿದಾಗ ಹುಂಜ ಕೂಗಿ ಜಾಗ ತೋರಿಸಿತೆಂದು ಎಲ್ಲ ಹುಂಜಗಳನ್ನೂ ಕೊಂದಿದ್ದರಂತೆ. ಯುದ್ಧ ಮುಗಿದ ಮೇಲೂ ಮತ್ತೆ ಸಾಕಲಿಲ್ಲ.

ನಾವು ಯಾರನ್ನೂ ಕರೆದಿರಲಿಲ್ಲ. ಗಾಡಿಯ ಬಾಗಿಲು ಮುಚ್ಚಿದ ಸದ್ದಿಗೆ ಗುಡಿಸಲುಗಳಿಂದ ಹೆಂಗಸರು ಹೊರಗೆ ಬಂದರು. ಬಂದು ಒಂದು ಮರದ ಕೆಳಗೆ ಸಾಲಾಗಿ ಕುಳಿತರು. ಎಲ್ಲರಿಗಿಂತ ಚಿಕ್ಕವಳು ಮೊದಲು, ಮುದುಕಿ ಕೊನೆಗೆ. ಎಲ್ಲರ ಕಣ್ಣೂ ನೆಲದ ಮೇಲೆ. "ಎಂಥ ಶಿಸ್ತು!" ಎಂದು ಸಾಹೇಬರು ಮೆಚ್ಚಿಕೊಂಡರು.

ಖೈರೂ ನನ್ನ ಸೆರಗು ಜಗ್ಗಿದಳು. "ಅಕ್ಕಾರ, ಇವರು ನಮ್ಮನ್ನ ನೋಡಿ ಬಂದಿಲ್ರಿ. ಗಾಡಿ ಸಪ್ಪಳಕ್ಕ ಬಂದಾರ."

ಇಂಥದೇ ಗಾಡಿಗಳಲ್ಲಿ ಹಿಂದೆ ಬಂದಿದ್ದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಅಂದಿನಿಂದ ನಮ್ಮ ತಂಡ ಗಾಡಿಗಳನ್ನು ಊರ ಹೊರಗೇ ಬಿಟ್ಟು ನಡೆದು ಹೋಗುವ ರೂಢಿ ಮಾಡಿಕೊಂಡಿತು. ಇಂದಿಗೂ ಹಾಗೆಯೇ ಮಾಡುತ್ತಾರೆ. ವಿದ್ಯಾ, ನೀನೂ ನಡೆದೇ ಹೋಗು.

ಇನ್ನೊಂದು ವಿಚಿತ್ರವನ್ನೂ ಖೈರೂ ಹೇಳಿದಳು. "ಗುಳಗಿ ಕೈಯಾಗ ಕೊಟ್ರ ಯಾರೂ ತಗೊಳ್ಳವಲ್ರರಿ. ಚಾಪಿ ಮ್ಯಾಲೆ ಇಟ್ರ ತಗೋತಾರ. ಯಾಕಿರಬೇಕರಿ?" ಏನೋ ಮಡಿ ಇರಬೇಕು ಅಂದೆ. ನಮ್ಮಲ್ಲಿ ಇಲ್ಲವೇ, ಹಾಗೇ ಎಂದುಕೊಂಡೆ.

ಆಮೇಲೆ ಹೇಳಿಕೆಗಳು ಶುರುವಾದವು. ಆ ಮರದ ಎದುರಿಗೆ ನಾವು ಇಳಿದುಕೊಂಡಿದ್ದ ಮನೆಯೊಳಗೆ ಒಬ್ಬೊಬ್ಬರನ್ನೇ ಕರೆದು ಕೂರಿಸಿ, ಎಲ್ಲಿಂದ ಬೇಕೋ ಅಲ್ಲಿಂದ ಹೇಳಿ ಎನ್ನುತ್ತಿದ್ದೆವು. ಕಾಡಿಗೆ ಓಡಿದ್ದು, ಹಿಡಿದು ತಂದದ್ದು, ಇವನ್ನೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರು. ಬಂಡುಕೋರರ ಶಿಬಿರದ ಬಾಗಿಲಿಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು.

"ಅಪ್ಪ ಕೊಟ್ಟ, ನಾ ತಗೊಂಡೆ."

ರೂತ್ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನ್ನ ಕಿವಿಯಲ್ಲಿ ಮಾತ್ರ ಅದು ಬೆಟಗೇರಿಯ ಮಾತಾಗಿಯೇ ಉಳಿದಿದೆ. ಏನು ಕೊಟ್ಟ ಎಂದು ಕೇಳಿದರೂ ಅದೇ ಮಾತು. ಆಮೇಲೇನಾಯಿತು ಎಂದರೆ ಮತ್ತೆ, "ಅಪ್ಪ ಕೊಟ್ಟ, ನಾ ತಗೊಂಡೆ." ಧ್ವನಿಯೂ ಬದಲಾಗುತ್ತಿತ್ತು. ಅಲ್ಲಿಯವರೆಗೆ ಹೆಂಗಸಿನ ಧ್ವನಿ, ಆ ಮಾತು ಬಂದಾಗ ಶಾಲೆಯಲ್ಲಿ ಮಗ್ಗಿ ಹೇಳುವ ಮಗುವಿನ ಧ್ವನಿ. ಮುದುಕಿಯ ಬಾಯಲ್ಲೂ ಅದೇ ಮಗುವಿನ ಧ್ವನಿ ಬಂದಾಗ ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಎದ್ದು ಹೋದೆ.

ಸಾಹೇಬರು ಪೆನ್ನು ಕೆಳಗಿಟ್ಟರು. "ಯಾರೋ ಕಲಿಸಿದ್ದಾರೆ. ಈ ಊರಿನ ಹೇಳಿಕೆಗಳನ್ನು ಕೋರ್ಟಿಗೆ ಒಯ್ದರೆ ಕೇಸೇ ಮುಳುಗುತ್ತದೆ. ನಾಳೆ ಹೊರಡೋಣ" ಎಂದರು. ನನಗೆ ನಮ್ಮ ಕೆಂಪಂಗಿ, ಎಡಗೈ ಕೊಡಲಿ ನೆನಪಾಯಿತು. ಎದ್ದು ಹೋಗಿ ನನ್ನ ಸಾಮಾನು ಕಟ್ಟಿದೆ.

ಮಾರನೆಯ ದಿನ ಬೆಳಿಗ್ಗೆ ಒಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಅವಳನ್ನು ನಾನು ಕಮಲಿ ಎಂದು ಕರೆಯುತ್ತೇನೆ, ನಿಜವಾದ ಹೆಸರಲ್ಲ. ಎಲ್ಲರಿಗಿಂತ ಹೆಚ್ಚು ಹೇಳಿದವಳು ಅವಳೇ. ಬಾಗಿಲಲ್ಲಿ ನಿಂತು ರೂತ್‌ಳ ಮೂಲಕ ಕೇಳಿದಳು, "ನಾವು ಸುಳ್ಳು ಹೇಳೀವಿ ಅಂತ ಹೊಂಟೀರೇನು?"

ಹಾಗಲ್ಲ, ಸಾಲದು ಅಷ್ಟೇ ಎಂದು ತಡವರಿಸಿದೆ.

"ಅವ ಬಿಡುಗಡಿ ಆದ್ರ ಮೊದಲ ನಮ್ಮೂರಿಗೆ ಬರ್ತಾನ. ನಿಮ್ಮ ಮುಂದ ಯಾರ್ಯಾರು ಕುಂತಿದ್ರು ಅಂತ ಅವಗ ತಿಳಿದಿರ್ತೈತಿ. ಮೊದಲ ಕೇಳೂದು ನನ್ನ ಹೆಸರ."

ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಸಮಾಧಾನದ ಮಾತು ಹೇಳಿ ನಿಯಮದೊಳಗೇ ಉಳಿಯುತ್ತಿದ್ದೆನೋ ಏನೋ.

ಇನ್ನು ಮುಂದಿನದನ್ನು ನಮ್ಮ ಗದಗ ಸೀಮೆಯ ಹೆಂಗಸರು ಮಾತ್ರ ಮಾಡಬಲ್ಲರು. ಖೈರೂ ಹಿಂದಿನಿಂದ ಹೇಳಿದಳು, "ಅಕ್ಕಾರ, ಹೆಣಮಗಳು ಬಾಗಲಕ್ಕ ಬಂದಾಳ. ಬರಿಗೈಲೆ ಹೆಂಗ ಕಳಸೂದ್ರಿ?" ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟಿದ್ದ ರವಿಕೆಗೆಂದು ನೇಯ್ದ ಒಂದು ಕುಬಸದ ಖಣವಿತ್ತು, ದಾಳಿಂಬೆ ಬಣ್ಣದ್ದು, ರೇಶಿಮೆ ಅಂಚು. ಖೈರೂ ಅಡಿಗೆಯವನಿಂದ ಅಕ್ಕಿ, ಒಂದು ತೆಂಗಿನಕಾಯಿ ತಂದಳು. ಸಾಹೇಬರ ನಿಯಮ ಇಬ್ಬರಿಗೂ ನೆನಪಿತ್ತು. ಹೇಳಿಕೆ ಬೇಡ ಅಂದ ಮೇಲೆ ಅವಳು ಸಾಕ್ಷಿಯಲ್ಲವಲ್ಲ, ಹೆಣ್ಣುಮಗಳಿಗೆ ಉಡಿ ತುಂಬುವುದಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ ಎಂದು ವಕೀಲಿ ಬುದ್ಧಿಯಿಂದ ಸಮಾಧಾನ ಮಾಡಿಕೊಂಡೆ. ಖಣದಲ್ಲಿ ಅಕ್ಕಿ, ಕಾಯಿ ಇಟ್ಟು ಎರಡೂ ಕೈಯಿಂದ ಎತ್ತಿ ಅವಳ ಮುಂದೆ ಹಿಡಿದೆ.

ಕಮಲಿಯ ಮುಖದಿಂದ ಕಮಲಿ ಹೊರಟುಹೋದಳು. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಅವಳ ಎರಡು ಕೈಗಳು ತಾವಾಗಿ ಮುಂದೆ ಬಂದವು. ಮಗುವಿನ ಧ್ವನಿಯಲ್ಲಿ, "ಅಪ್ಪ ಕೊಟ್ಟ, ನಾ ತಗೊಂಡೆ" ಎಂದಳು. ಚಪ್ಪಲಿ ಕಳಚಿ ಜೋಡಿಸಿಟ್ಟಳು. ಖಣವನ್ನು ಹಿಡಿದುಕೊಂಡು ಅಂಗಳ ದಾಟಿ ನಡೆದು, ಸಾಮಾನು ತುಂಬಲು ಅಂದು ಒಳಗೆ ತಂದು ನಿಲ್ಲಿಸಿದ್ದ ನಮ್ಮ ಗಾಡಿಯ ಹಿಂದಿನ ಬಾಗಿಲ ಮುಂದೆ ತಲೆ ತಗ್ಗಿಸಿ ನಿಂತಳು. ಒಳಗೆ ಹತ್ತಿಸುವವರಿಗಾಗಿ ಕಾಯುವಂತೆ.

ಗಾಡಿಯ ಸದ್ದಿಗೆ ಆ ಹೊತ್ತಿಗಾಗಲೇ ಉಳಿದ ಹೆಂಗಸರು ಬಂದು ಮರದ ಕೆಳಗೆ ಸಾಲಾಗಿ ಕುಳಿತಿದ್ದರು. ಕಮಲಿಯ ಕೈಯಲ್ಲಿ ಖಣ ಕಂಡಿತು. ಎಲ್ಲರಿಗಿಂತ ಚಿಕ್ಕವಳು ಎದ್ದು ನಿಂತು ನಮ್ಮ ಕಡೆಗೆ ಬೆನ್ನು ತಿರುಗಿಸಿದಳು. ಅವಳ ಪಕ್ಕದವಳು ಎದ್ದು ತಿರುಗಿದಳು. ಆಮೇಲೆ ಅವಳ ಪಕ್ಕದವಳು. ಮುದುಕಿಯವರೆಗೆ ಇಡೀ ಸಾಲು ತಿರುಗಿ ನಿಂತಿತು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಸಾಹೇಬರು ಕಪ್ಪು ಹಿಡಿದುಕೊಂಡೇ ಎದ್ದು ನಿಂತರು.

"ರೂತ್, ಏನಿದು? ಕೇಳು ಅವರನ್ನು" ಎಂದು ಕೂಗಿದರು.

ನಾನು ಹೊರಳಿ ನೋಡಿದೆ. ನನ್ನ ಪಕ್ಕದಲ್ಲಿದ್ದ ರೂತ್ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಆ ಬೆನ್ನು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ನಮ್ಮದೇ ತಂಡದ ಗುರುತಿನ ಚೀಟಿಯ ದಾರ. ತಿಂಗಳುಗಟ್ಟಲೆ ಬೇರೆಯವರ ಕಥೆಯನ್ನು ನಮಗೆ ತಿಳಿಸಿ ಹೇಳಿದವಳು. ಅವಳದನ್ನು ನಾವು ಯಾರೂ ಕೇಳಿರಲಿಲ್ಲ.

ಖಣವನ್ನು ಕಮಲಿಯ ಕೈಯಿಂದ ಬಿಡಿಸಿಕೊಂಡು ಒಳಗಿಟ್ಟೆ. ಆದರೂ ಯಾರೂ ತಿರುಗಲಿಲ್ಲ. ಕೈ ಮುಗಿದೆ, ಬೇಡಿಕೊಂಡೆ. ಬಿಸಿಲು ಏರಿತು. ಕೊನೆಗೆ ಮುದುಕಿಯ ಮೊಣಕಾಲು ಸೋತು ಅವಳು ಕುಸಿದಳು. ಖೈರೂ ಓಡಿ ಹೋಗಿ ಹಿಡಿದುಕೊಂಡಳು. ಆಗ ಒಬ್ಬೊಬ್ಬರಾಗಿ, ನಿದ್ದೆಯಿಂದ ಎದ್ದವರಂತೆ, ಇತ್ತ ತಿರುಗಿದರು.

ಅಂದು ಮಧ್ಯಾಹ್ನ ಮೊದಲು ಹೇಳಿದವಳು ರೂತ್. ಆಮೇಲೆ ಕಮಲಿ, ಬೇರೆ ಕೋಣೆಯಲ್ಲಿ, ಬೇರೆ ಭಾಷಾಂತರದವಳನ್ನು ಕರೆಸಿದ ಮೇಲೆ. ಇಬ್ಬರದೂ ಒಂದೇ ಸಂಗತಿ. ಹಿಡಿದು ತಂದ ಹೆಂಗಸರನ್ನು ಗಾಡಿಯ ಸದ್ದಾದ ಕೂಡಲೇ ಸಾಲಾಗಿ ಕೂರಿಸುತ್ತಿದ್ದರು. ಅಪ್ಪ ತಾನೇ ಬಂದು ಒಬ್ಬಳನ್ನು ಆರಿಸಿ, ಬಣ್ಣದ ಬಟ್ಟೆಯಲ್ಲಿ ಕಾಳು ಕಟ್ಟಿ ಎರಡೂ ಕೈಯಿಂದ ಕೊಡುತ್ತಿದ್ದ. ಅವಳು ಆ ಮಾತು ಹೇಳಬೇಕು. ಆಮೇಲೆ ಅವಳು ಯಾವ ಸೈನಿಕನ 'ಹೆಂಡತಿ' ಎಂದು ಅವನು ಹೇಳುತ್ತಿದ್ದ. ಉಳಿದವರು ಹೆಂಗಸರಿರಲಿ, ಕಾವಲಿನ ಗಂಡಸರಿರಲಿ, ಬೆನ್ನು ತಿರುಗಿಸಿ ನಿಲ್ಲಬೇಕು. ನೋಡಿದವರ ಸರದಿ ಮುಂದಿನದು. ಅವನು ಒಂದು ಮಾತು ಹೇಳಿದ ಮೇಲೆಯೇ ಇತ್ತ ತಿರುಗಬೇಕು.

"ಯಾವ ಮಾತು?" ಎಂದು ಸಾಹೇಬರು ಕೇಳಿದರು.

ಕಮಲಿ ತಲೆ ಅಲ್ಲಾಡಿಸಿದಳು. "ಅದನ್ನ ನಾ ನನ್ನ ಬಾಯಾಗ ಹಾಕ್ಕೊಳ್ಳೂದಿಲ್ಲ." ರೂತ್ ಸಹ ಹೇಳಲಿಲ್ಲ.

ಹೇಳಿಕೆಗಳು ಒಂದೇ ರೀತಿ ಇದ್ದದ್ದು ಏಕೆಂದು ಈಗ ತಿಳಿಯಿತು. ಕಲಿಸಿದವರು ಇದ್ದದ್ದು ನಿಜ. ಕಲಿಸಿದವನು ಅವನೇ. ಬೆಟ್ಟಗಳ ಆಚೆಯ ರೂತ್‌ಳ ಊರಿನಲ್ಲೂ ಈ ಊರಿನಲ್ಲೂ ಅದೇ ಬಟ್ಟೆ, ಅದೇ ಸಾಲು ಇದ್ದವು ಎಂದರೆ ಅದು ಕುಡಿದ ಹುಡುಗರ ಕೆಲಸವಲ್ಲ.

ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಅಷ್ಟು ಬೈಗುಳವನ್ನು ನಾನು ನನ್ನ ಅತ್ತೆಯಿಂದಲೂ ತಿಂದಿರಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದರು, "ನೀನು ಮಾಡಿದ್ದನ್ನು ಮಾಡಿದ ಹಾಗೇ ಬರೆ. ಎದುರು ವಕೀಲನಿಗೆ ನಾವೇ ಮೊದಲು ತಿಳಿಸೋಣ. ಮುಚ್ಚಿಟ್ಟರೆ ಆ ಹೆಂಗಸರ ಮಾತೂ ನಿನ್ನ ಜೊತೆ ಹೋಗುತ್ತದೆ." ಹಾಗೆ ನಾನು ಪ್ರಶ್ನೆ ಕೇಳುವ ಕುರ್ಚಿಯಿಂದ ಇಳಿದು ಸಾಕ್ಷಿಯ ಕುರ್ಚಿಗೆ ಬಂದೆ. ನನ್ನ ಅವ್ವ ಕಟ್ಟಿಕೊಟ್ಟ ಖಣ ಕೋರ್ಟಿನ ಮುದ್ದೆಮಾಲು ಆಯಿತು.

ವಿಚಾರಣೆಯಲ್ಲಿ ಅಪ್ಪನನ್ನು ಮೊದಲ ಸಲ ನೋಡಿದೆ. ಬೆಳ್ಳಿ ಕೂದಲು, ಮಡಚಿದ ಕೈಗಳು. ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಮಸ್ಕಾರ ಮಾಡಬೇಕು ಅನ್ನಿಸುವಂಥ ಮುಖ. ಅಂಥ ಪದ್ಧತಿಯೇ ಇರಲಿಲ್ಲ, ಹೆಂಗಸರಿಗೆ ಬಟ್ಟೆಯ ಆಸೆ ತೋರಿಸಿ ಕಥೆ ಕಟ್ಟಿಸಿದ್ದಾರೆ ಎಂಬುದು ಅವನ ವಕೀಲನ ವಾದ. ಆ ವಕೀಲ ನನ್ನನ್ನು ಕಟಕಟೆಯಲ್ಲಿ ಚೆನ್ನಾಗಿ ಅರೆದ. ಕಮಲಿಯನ್ನೂ ಕೇಳಿದ. ಅವಳು ಪರದೆಯ ಹಿಂದಿನಿಂದ, "ಅರಿವಿ ಬಟ್ಟಿಗೆ ಆಸಿ ಪಟ್ಟು ಯಾರರೆ ಇದನ್ನ ಹೇಳ್ತಾರೇನು?" ಎಂದು ಮಾತ್ರ ಹೇಳಿದಳು.

ಕೊನೆಗೆ ವಕೀಲ ತನ್ನ ಕಡೆಯ ಸಾಕ್ಷಿಯನ್ನು ಕರೆದ. ಅಪ್ಪನ ಹಳೆಯ ಅಂಗರಕ್ಷಕ, ಎತ್ತರದ ಆಳು. ಅಂಥದ್ದೇನೂ ಶಿಬಿರದಲ್ಲಿ ನಡೆಯಲಿಲ್ಲ ಎಂದು ಗಟ್ಟಿಯಾಗಿ ಹೇಳಿದ. ವಕೀಲನಿಗೆ ಹುರುಪು ಬಂತು. ಮೇಜಿನ ಮೇಲಿದ್ದ ನನ್ನ ಖಣವನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕೇಳಿದ, "ಹೀಗೆ ಯಾರಾದರೂ ಬಟ್ಟೆ ಕೊಟ್ಟದ್ದನ್ನು ನೀನು ಎಂದಾದರೂ ನೋಡಿದ್ದೀಯಾ?"

ಅಂಗರಕ್ಷಕ ಎದ್ದು ನಿಂತ. ನ್ಯಾಯಾಧೀಶರಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದ.

ಕೂತುಕೊಳ್ಳಲು ವಕೀಲ ಹೇಳಿದ. ನ್ಯಾಯಾಧೀಶರು ಹೇಳಿದರು. ಅವನು ಕದಲಲಿಲ್ಲ. ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಅವನು ನಿಂತಷ್ಟು ಹೊತ್ತೂ ಅಪ್ಪನ ಕೇಸು ಕುಸಿಯುತ್ತಿತ್ತು. ಅದು ಎಲ್ಲರಿಗಿಂತ ಮೊದಲು ತಿಳಿದದ್ದು ಅಪ್ಪನಿಗೆ. ತಡೆಯಲಾರದೆ ಮುಂದೆ ಬಗ್ಗಿ ಮೆದುವಾಗಿ ಒಂದೇ ಒಂದು ಮಾತು ಹೇಳಿದ.

ಆ ಆಳು ಇತ್ತ ತಿರುಗಿ ಕುಳಿತ.

ಪಕ್ಕದ ಕೋಣೆಯಲ್ಲಿ ಟಿವಿ ಪರದೆಯ ಮೇಲೆ ಇದನ್ನು ನೋಡುತ್ತಿದ್ದ ಕಮಲಿ ಖೈರೂಳ ಕೈ ಹಿಡಿದುಕೊಂಡು, "ಅದ. ಅದ ಮಾತು" ಎಂದಳಂತೆ. ಗುಳಿಗೆಯನ್ನೂ ಕೈಯಿಂದ ತೆಗೆದುಕೊಳ್ಳದವಳು ಅಂದು ಮೊದಲ ಸಲ ಖೈರೂಳ ಕೈ ಹಿಡಿದಿದ್ದಳು.

ಶಿಕ್ಷೆಯಾಯಿತು. ಹೊರಬರಲಾರದಷ್ಟು ಉದ್ದದ ಶಿಕ್ಷೆ. ಕಮಲಿ ಊರಿಗೆ ಹೊರಡುವ ಮುನ್ನ ನನ್ನನ್ನು ನೋಡಬೇಕು ಅಂದಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡು ಹೋದೆ. ಕ್ಷಮಿಸು ಎಂದೆ.

"ಸಿಟ್ಟಿಲ್ಲ" ಎಂದಳು. "ಮುಂದ ಯಾರಿಗರೆ ಕೊಡೂದಿದ್ರ ಮೊದಲ ಕೊಡ್ಲೇನು ಅಂತ ಕೇಳ್ರಿ. ನೀವು ಕೇಳಿದ್ರ ನನಗ ತಿಳೀತಿತ್ತು, ಇವರು ಅವ ಅಲ್ಲ ಅಂತ. ಅವ ಒಮ್ಮಿನೂ ಕೇಳ್ಲಿಲ್ಲ."

ಕಾನೂನಿನ ದಪ್ಪ ಪುಸ್ತಕಗಳನ್ನು ಓದಿದ ನಾನು ಅಲ್ಲಿ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ನಿವೃತ್ತಿಯಾಗಿ ಮನೆಗೆ ಬಂದ ಹೊಸತರಲ್ಲಿ ಬಸುರಿಯಾಗಿದ್ದ ನನ್ನ ತಂಗಿಯ ಮಗಳಿಗೆ ಕುಬಸ ಮಾಡಿದರು. ಮನೆ ತುಂಬ ಹೆಂಗಸರು, ನಗು, ಹಾಡು. ಉಡಿ ತುಂಬಲು ಅವ್ವ ಖಣ ಎತ್ತಿದಳು. ನನಗೆ ಸುಣ್ಣದ ಗೋಡೆ ಕಾಣಿಸಿತು, ಬಹಳ ಹತ್ತಿರದಲ್ಲಿ. ಹಾಡು ನಿಂತಿತ್ತು.

"ಯಾಕವ್ವಾ, ಅತ್ತಾಗ ಮಾರಿ ಮಾಡಿ ಯಾಕ ನಿಂತಿ?" ಎಂದು ಅವ್ವ ಕೇಳುತ್ತಿದ್ದಳು. ನಾನು ಯಾವಾಗ ತಿರುಗಿದೆ ಎಂದು ನನಗೇ ಗೊತ್ತಿರಲಿಲ್ಲ. ಕಣ್ಣಿಗೆ ಕಸ ಬಿತ್ತು ಎಂದೆ. ಈ ಕೆಲಸದಿಂದ ಮನೆಗೆ ಏನು ತರುತ್ತೀರಿ ಎಂದು ಕೇಳುವ ಹುಡುಗಿಯರಿಗೆ ಇದನ್ನು ಹೇಳುತ್ತೇನೆ. ಇದೂ ಬರುತ್ತದೆ.

ಮೊನ್ನೆ ವಿದ್ಯಾ ಹೊರಟು ನಿಂತಾಗ ಅವ್ವ ಒಳಗಿನಿಂದ, "ಹುಡುಗಿ ದೂರ ಹೊಂಟಾಳ, ಉಡಿ ತುಂಬಿ ಕಳಸ" ಎಂದು ಕೂಗಿದಳು. ಖಣ ತಂದೆ, ಅಕ್ಕಿ ತಂದೆ. ಎತ್ತುವ ಮುಂಚೆ ಅವಳ ಮುಖ ನೋಡಿ ಕೇಳಿದೆ, "ಉಡಿ ತುಂಬ್ಲೇನವ್ವಾ?"

ವಿದ್ಯಾ ಸ್ವಲ್ಪ ಯೋಚಿಸಿದಳು. ಸಂಕೋಚದಿಂದ ನಕ್ಕಳು. "ಈಗ ಬ್ಯಾಡ್ರಿ ಅಮ್ಮಾರ. ತಿರುಗಿ ಬಂದ ಮ್ಯಾಲ ತುಂಬಿಸ್ಕೋತೀನ್ರಿ."

"ಆತವ್ವಾ" ಎಂದೆ. ಅವ್ವ ಗೊಣಗುತ್ತಲೇ ಇದ್ದಳು. ನಾನು ಖಣವನ್ನು ಮಡಚಿ ಒಳಗಿಟ್ಟು ಬಂದು, ಅವಳು ಓಣಿ ದಾಟುವವರೆಗೂ ಬಾಗಿಲಲ್ಲಿ ಅವಳ ಕಡೆ ಮುಖ ಮಾಡಿ ನಿಂತಿದ್ದೆ.